ಸಬ್‌ವೂಫರ್ ಹದ ಮಾಡಲು ಬಂದವರು

ನನ್ನ ಮೊಬೈಲಿನಲ್ಲಿ ಅವರ ನಂಬರು ‘ಸೌಂಡು ಮಳವಳ್ಳಿ’ ಎಂದೇ ಇದೆ. ನಿಜವಾದ ಹೆಸರು ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಆ ಹೊತ್ತಿಗೆ ಬದಲಿಸಲು ಮನಸ್ಸಾಗಲಿಲ್ಲ.

ಹೋದ ವಾರ ಸ್ಟಾಫ್ ರೂಮಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು, ‘ಮೇಡಂ, ಹೊಸ ಹೋಂ ಥಿಯೇಟರ್ ತಗಂಡಿದೀನಿ. ಬೇಸು ಒಂದೇ ಸಮ ಗುಂಯ್ ಅಂತದೆ. ನಿಮ್ಮನೆಗೆ ಒಬ್ರು ಬತ್ತಿದ್ರಲ್ಲ, ಅವರ ನಂಬರ್ ಕೊಡಿ’ ಎಂದರು. ಮೊಬೈಲು ಕೈಗೆ ತಗೊಂಡವಳು ಹಾಗೇ ಕೆಳಗಿಟ್ಟೆ. ‘ಅವರು ಕೆಲಸ ಬಿಟ್ಟುಬಿಟ್ಟರು ಸಾರ್’ ಎಂದೆ. ಯಾಕೆ ಎಂದು ಅವರು ಕೇಳುವಷ್ಟರಲ್ಲಿ ಬೆಲ್ಲು ಹೊಡೆಯಿತು. ಆವತ್ತು ಎಂಟನೇ ಕ್ಲಾಸಿನ ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿದೆ.

ಮದ್ದೂರಿನಲ್ಲಿ ನಮ್ಮ ಮನೆ ಕಟ್ಟಿ ಆಗ ಎರಡು ವರ್ಷವಾಗಿತ್ತು. ನಮ್ಮ ಯಜಮಾನರದು ಮೆಡಿಕಲ್ ಸ್ಟೋರು. ಬೆಳಗಿನಿಂದ ಸಂಜೆವರೆಗೂ ಕೌಂಟರ್ ಹಿಂದೆ ನಿಲ್ಲುವ ಮನುಷ್ಯನಿಗೆ ಇದ್ದ ಆಸೆ ಒಂದೇ: ಮನೆಯಲ್ಲಿ ಕಾಲು ಚಾಚಿ ಕೂತು, ಥಿಯೇಟರಿನ ಹಾಗೆ ಎದೆ ಅದುರುವಂತೆ ಸಿನಿಮಾ ನೋಡಬೇಕು. ತಂದರು. ಟಿ.ವಿ. ಪಕ್ಕದ ಮೂಲೆಗೆ ಆ ದೊಡ್ಡ ಕಪ್ಪು ಡಬ್ಬಿ, ಬೇಸು ಅನ್ನುವ ದಪ್ಪ ಸದ್ದು ಬಿಡುವ ಸಬ್‌ವೂಫರು, ಕೂತಿತು. ಆದರೆ ಸೋಫಾದಲ್ಲಿ ಕೂತವರಿಗೆ ಬೇಸೇ ಇಲ್ಲ. ಗೋಡೆಯ ಆಚೆ ರೂಮಿನಲ್ಲಿ ಮಲಗಿದ್ದ ನಮ್ಮತ್ತೆಗೆ ಮಾತ್ರ ಗುಡುಗು. ‘ಮಂಚದ ಕೆಳಕ್ಕೆ ಯಾರೋ ಟ್ರ್ಯಾಕ್ಟರ್ ಬುಟ್ಟಂಗಾಯ್ತದೆ ಕಣವ್ವ’ ಎಂದು ಅವರು ಗೋಡೆ ಗುದ್ದುತ್ತಿದ್ದರು. ಇವರು ಸೌಂಡು ಏರಿಸುವುದು, ಅವರು ಗುದ್ದುವುದು. ಭಾನುವಾರ ಬಂತೆಂದರೆ ಮನೆಯಲ್ಲಿ ಜಗಳ. ಕೊನೆಗೆ ಅಂಗಡಿಯವರೇ, ಮಳವಳ್ಳಿಯಲ್ಲಿ ಒಬ್ಬರಿದ್ದಾರೆ, ಕೂರಿಸಿ ಹದ ಮಾಡಿಕೊಡ್ತಾರೆ ಎಂದು ನಂಬರು ಕೊಟ್ಟರು.

ಬಸ್ಸಿನಲ್ಲಿ ಬಂದರು. ಅರವತ್ತರ ಹತ್ತಿರದ ಸಣಕಲು ಆಳು, ಇಸ್ತ್ರಿ ಪ್ಯಾಂಟು, ಮಣಿಕಟ್ಟಿನವರೆಗೂ ಗುಂಡಿ ಹಾಕಿದ ಅಂಗಿ, ಕೈಯಲ್ಲಿ ರೆಕ್ಸಿನ್ ಬ್ಯಾಗು. ಚಪ್ಪಲಿ ಬಿಟ್ಟು ಒಳಗೆ ಬಂದವರೇ, ಯಾರನ್ನೂ ಮಾತಾಡಿಸದೆ ಹಾಲಿನ ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿದರು. ತಲೆ ವಾರೆ ಮಾಡಿ ಆ ಸದ್ದು ಆರಿಹೋಗುವುದನ್ನು ಕೇಳಿಸಿಕೊಂಡರು. ಆಮೇಲೆ ನಮಸ್ಕಾರ ಹೇಳಿದರು.

‘ಫ್ಯಾನ್ ಆರಿಸಿ ಸಾ. ಫ್ರಿಜ್ಜೂನೂವೆ. ಒಲೆ ಮ್ಯಾಲೆ ಕುಕ್ಕರ್ ಇದ್ರೆ ಅದೂ ಇಳ್ಸಿ.’

ಕುಕ್ಕರಿನಲ್ಲಿ ಕುರಿ ಬಾಡು ಬೇಯುತ್ತಿತ್ತು. ಮಧ್ಯಾಹ್ನಕ್ಕೆ ನಮ್ಮ ಯಜಮಾನರ ಅಕ್ಕ, ಭಾವ ಊಟಕ್ಕೆ ಬರುವವರಿದ್ದರು. ಆ ಭಾವನೇ ನಮ್ಮ ಮನೆ ಕಟ್ಟಿಸಿಕೊಟ್ಟ ಕಂಟ್ರಾಕ್ಟರು. ಅವರಿಗೆ ಹೊಸ ಸೌಂಡು ಕೇಳಿಸಬೇಕೆಂಬುದು ಇವರ ಉಮೇದು. ನಾನು ಗೊಣಗಿಕೊಂಡೇ ಒಲೆ ಆರಿಸಿದೆ.

ಅವರು ಸಬ್‌ವೂಫರನ್ನು ಎತ್ತಿ, ನಾವು ಕೂರುವ ಸೋಫಾದ ಮೇಲೆ ಇಟ್ಟರು. ಅದರಲ್ಲಿ ಒಂದೇ ದಪ್ಪ ಸ್ವರ ಬಿಟ್ಟು, ತಾವು ಮಂಡಿಯೂರಿ, ಅಂಗೈ ಊರಿ, ಗೋಡೆಯ ಗುಂಟ ಅಂಬೆಗಾಲಿಟ್ಟು ಹೊರಟರು. ಅದು ನಮ್ಮ ಜಾಗದಲ್ಲಿದ್ದಾಗ ಎಲ್ಲಿ ಹದವಾಗಿ ಕೇಳುತ್ತದೋ, ಅಲ್ಲಿ ಅದನ್ನಿಟ್ಟರೆ ನಮಗೆ ಇಲ್ಲಿ ಹದವಾಗಿ ಕೇಳುತ್ತದಂತೆ. ಅಷ್ಟು ಇಸ್ತ್ರಿ ಮಾಡಿದ ಪ್ಯಾಂಟಿನ ಮನುಷ್ಯ ನೆಲದ ಮೇಲೆ ಹರಿದಾಡುವುದನ್ನು ನೋಡಿ ಅತ್ತೆ ಬಾಗಿಲಿಗೆ ಬಂದರು.

‘ಏನ್ ಕಳ್ಕಂಡ್ಯಯ್ಯ? ಓಲೆ ತಿರುಪಾ?’

‘ಬೇಸು ಕಳೆದೋಗದೆ ಕಣವ್ವ. ಹುಡುಕ್ತಿವ್ನಿ.’

ಕಿಟಕಿಯ ಕೆಳಗೆ, ಮೂಲೆಯಿಂದ ಎರಡು ಮಾರು ಈಚೆಗೆ, ಅವರು ನಿಂತರು. ನೆಲಕ್ಕೆ ಕಿವಿ ತಂದು, ‘ಇಲ್ಲೇ ಅದೆ’ ಎಂದರು. ಸಬ್‌ವೂಫರು ಅಲ್ಲಿಗೆ ಬಂತು. ಅದರ ಕಾಲಿಗೆ ಹಳೇ ಸೈಕಲ್ ಟ್ಯೂಬಿನ ತುಂಡುಗಳನ್ನು ಕೊಟ್ಟರು. ‘ಇನ್ನೂ ಜೋರು ಬೇಕು, ಎದೆ ಅದುರ್ಬೇಕು’ ಎಂದು ಯಜಮಾನರು ಅಂದಿದ್ದಕ್ಕೆ, ‘ಬೇಸು ಮನೆ ಪಾಯ ಇದ್ದಂಗೆ ಸಾ. ಪಾಯ ಯಾರಾದ್ರೂ ಬಂದೋರಿಗೆ ತೋರಿಸ್ತಾರಾ?’ ಎಂದರು.

ಹೀಗೆ ಮಾತಾಡುವವರು ಅವರು. ಚಿಕ್ಕರಸಿನಕೆರೆ ಕಡೆಯ ಒಬ್ಬ ಗೃಹಸ್ಥರು, ತಮ್ಮನ ಮನೆಯಲ್ಲಿ ಒಂದು ಸಬ್‌ವೂಫರ್ ಇದೆ, ನನಗೆ ಎರಡು ಹಾಕು ಎಂದು ಹಟ ಹಿಡಿದಾಗ, ‘ಎರಡು ಹಾಕ್ತೀನಿ ಸಾ, ಕೇಳೋಕೆ ನಿಮ್ಮ ತಮ್ಮನ್ನೇ ಕರೀಬೇಕಾಯ್ತದೆ’ ಎಂದಿದ್ದರಂತೆ.

ಆಮೇಲೆ ಶುರುವಾಯಿತು ನೋಡಿ, ಆ ದಿನದ ನಿಜವಾದ ಕೆಲಸ. ಕಿವಿಗೆ ಕೇಳುವುದಕ್ಕಿಂತ ಅಂಗಾಲಿಗೆ ಹೆಚ್ಚು ತಿಳಿಯುವಂಥ ಸ್ವರದಿಂದ ಹಿಡಿದು ಮೆಲ್ಲಗೆ ಮೇಲಕ್ಕೆ ಏರಿಸುತ್ತ ಹೋದರು. ಆ ಏರಿಕೆಯಲ್ಲಿ ಮನೆಯ ಒಂದೊಂದು ವಸ್ತುವೂ ತನ್ನ ಸರದಿ ಬಂದಾಗ ಬಾಯಿ ಬಿಟ್ಟಿತು. ಷೋಕೇಸಿನ ಗಾಜು ಕಿಣಿಕಿಣಿ. ಫೋಟೋ ಕಟ್ಟು ಟಪಟಪ. ಕಿಟಕಿಯ ಚಿಲಕ. ಪ್ರತಿಯೊಂದಕ್ಕೂ ಅವರು ಬ್ಯಾಗಿನಿಂದ ಹಳೇ ಲಗ್ನಪತ್ರಿಕೆಯ ದಪ್ಪ ಚೂರು ತೆಗೆದು ಮಡಚಿ ಸಂದಿಗೆ ತುರುಕುತ್ತಿದ್ದರು. ಈಗಲೂ ನಮ್ಮ ಮನೆಯ ಫೋಟೋಗಳ ಹಿಂದೆ ನಮಗೆ ಪರಿಚಯವಿಲ್ಲದ ಎಷ್ಟೋ ಜನರ ಮದುವೆಗಳಿವೆ.

ಎಲ್ಲ ಸುಮ್ಮನಾಯಿತು. ಮತ್ತೆ ಸ್ವರ ಬಿಟ್ಟರು. ಮೂವತ್ತೆಂಟಕ್ಕೆ ಬಂದಾಗ, ಅಂದರೆ ಸೆಕೆಂಡಿಗೆ ಅಷ್ಟು ಸಲ ಗಾಳಿ ಅದುರುವ ಜಾಗಕ್ಕೆ ಬಂದಾಗ, ಅವರ ಕೈ ನಿಂತಿತು.

‘ಇನ್ನೊಂದದೆ.’

‘ಏನೂ ಇಲ್ಲ ಬುಡಿ, ನಂಗೇನೂ ಕೇಳ್ತಿಲ್ಲ’ ಎಂದರು ಯಜಮಾನರು. ಗಡಿಯಾರ ನೋಡಿಕೊಂಡರು. ಅಕ್ಕ ಭಾವ ಬರುವ ಹೊತ್ತಾಗಿತ್ತು. ‘ನಿಂಗೇನಾದ್ರೂ ಕೇಳ್ತಾ?’ ಎಂದು ನನ್ನನ್ನು ಕೇಳಿದ ದನಿಯಲ್ಲೇ ಉತ್ತರವೂ ಇತ್ತು.

ಅವರು ನನ್ನ ಕಡೆ ತಿರುಗಿದರು. ‘ಟೀಚರಮ್ಮ, ಕಣ್ಣು ಮುಚ್ಕಂಡು ಕೇಳಿ. ಇಲ್ಲ ಅನ್ನುಸುದ್ರೆ ಇಲ್ಲ ಅನ್ನಿ. ನಂಗೇನೂ ಬ್ಯಾಸರಿಲ್ಲ.’

ಕಣ್ಣು ಮುಚ್ಚಿದೆ. ದಪ್ಪ ಸ್ವರದ ಅಡಿಯಲ್ಲಿ, ಬಹಳ ದೂರದಲ್ಲಿ, ಸಕ್ಕರೆ ಚೆಲ್ಲಿದ ನೆಲದ ಮೇಲೆ ಯಾರೋ ಚಪ್ಪಲಿ ಹಾಕಿ ನಡೆದ ಹಾಗೆ. ಇಲ್ಲ ಎಂದುಬಿಟ್ಟಿದ್ದರೆ ಒಲೆ ಹಚ್ಚಬಹುದಿತ್ತು. ಯಾಕೋ ಬಾಯಿಗೆ ಬಂದದ್ದು, ‘ಕೇಳ್ತು. ಅತ್ತೆ ರೂಮಿಂದ.’

ಅತ್ತೆಯ ಮಂಚದ ಮೇಲುಗಡೆ, ಗೋಡೆಯಿಂದ ಮುಂದಕ್ಕೆ ಚಾಚಿದ ಕಾಂಕ್ರೀಟಿನ ಸಜ್ಜ ಇತ್ತು. ಅದರ ಮೇಲೆ ಹಿತ್ತಾಳೆ ಹಂಡೆ, ಕೊಳಗ, ಹಬ್ಬದ ಪಾತ್ರೆಗಳೆಲ್ಲ. ಪಾತ್ರೆಯೇ ಅದುರುತ್ತಿರಬೇಕು ಎಂದೆ ನಾನು. ಅವರು ಸ್ಟೂಲು ಹತ್ತಿ, ಕೈಯಲ್ಲಿದ್ದ ಲಗ್ನಪತ್ರಿಕೆಯ ಚೂರನ್ನು ಹಂಡೆಯ ಅಡಿಗೆ ಇಡಲು ಹೋದವರು, ಇಡದೆ, ಏನನ್ನೂ ಮುಟ್ಟದೆ, ಮೆಲ್ಲಗೆ ಇಳಿದರು.

‘ಪಾತ್ರೆ ಅಲ್ಲ. ಪಾತ್ರೆಯಾದ್ರೆ ಗಣಗಣ ಅಂತದೆ. ಇದು ಮರಳು ಉದುರೋ ಸದ್ದು.’ ಆಮೇಲೆ ಅತ್ತೆಗೆ, ‘ಅವ್ವ, ಒಸಿ ಎದ್ದು ಈಚೆ ಬನ್ನಿ’ ಎಂದರು.

ಹಾಸಿಗೆಯ ಮೇಲೆ ಅತ್ತೆಯ ಕರಿ ಕಂಬಳಿ ಹರಡಿ, ಎಲ್ಲರನ್ನೂ ಬಾಗಿಲಾಚೆ ನಿಲ್ಲಿಸಿ, ಅರೆ ನಿಮಿಷ ಅದೇ ಸ್ವರ ಬಿಟ್ಟರು. ನಿಲ್ಲಿಸಿ ನೋಡಿದರೆ ಕಂಬಳಿಯ ಮೇಲೆ ಸಣ್ಣ ರವೆಯಂಥ ಬೂದು ಪುಡಿ, ಗೆರೆ ಎಳೆದ ಹಾಗೆ. ತಲೆಯೆತ್ತಿದೆ. ಸಜ್ಜ ಗೋಡೆಗೆ ಸೇರುವ ಕಡೆ, ಬಣ್ಣದ ಮೇಲೆ, ಕೂದಲೆಳೆಯಂಥ ಒಂದು ಗೀಟು ಆ ತುದಿಯಿಂದ ಈ ತುದಿಯವರೆಗೂ ಇತ್ತು. ಎರಡು ವರ್ಷ ದಿನವೂ ಕಸ ಗುಡಿಸಿದ ರೂಮು ಅದು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸರಿಯಾಗಿ ಅಷ್ಟು ಹೊತ್ತಿಗೆ ಭಾವ ಬಂದರು. ಅಕ್ಕ ಹಣ್ಣಿನ ಚೀಲ ಹಿಡಿದು ಹಿಂದೆಯೇ.

‘ಏನಿದು, ಎಲ್ಲ ಮಂಚ ನೋಡ್ಕಂಡು ನಿಂತಿದೀರಿ?’

ಸಜ್ಜದಿಂದ ಸದ್ದು ಬರ್ತದಂತೆ ಎಂದು ಯಜಮಾನರು ನಗುನಗುತ್ತ ಹೇಳಹೋದರು. ನಗು ಅರ್ಧಕ್ಕೇ ನಿಂತಿತು. ಭಾವ ಸೌಂಡಿನವರನ್ನು ಮೇಲಿಂದ ಕೆಳಗೆ ನೋಡಿದರು.

‘ಏನ್ ಓದಿದೀಯಯ್ಯ?’

‘ಎಸ್ಸೆಲ್ಸಿ ಫೇಲು ಸಾ.’

‘ಮೂವತ್ತು ವರ್ಸದಿಂದ ಮನೆ ಕಟ್ತಿವ್ನಿ ನಾನು. ಸ್ಪೀಕರ್ ರಿಪೇರಿ ಮಾಡೋನು ಬಂದು ನನ್ನ ಸಜ್ಜ ಬೀಳ್ತದೆ ಅಂತೀಯಾ?’

‘ಬೀಳ್ತದೆ ಅನ್ನಲಿಲ್ಲ ಸಾ. ಸದ್ದು ಅಲ್ಲಿಂದ ಬತ್ತದೆ ಅಂದೆ.’

‘ಪ್ಲಾಸ್ಟರು ಕಣಯ್ಯ. ಎಲ್ಲಾರ ಮನೇಲೂ ಉದುರ್ತದೆ.’

ಅತ್ತೆಗೆ ಅಳಿಯನೆಂದರೆ ದೇವರು. ‘ನಮ್ಮ ಅಳೀಮಯ್ಯ ಕಟ್ಟಿದ್ ಮನೆಗೆ ಏನಾದದಯ್ಯ? ನಾನಿಲ್ಲೇ ಮನಿಕ್ಕತೀನಿ’ ಎಂದವರೇ ಹೋಗಿ ಕಂಬಳಿಯ ಮೇಲೆ ಕೂತೇಬಿಟ್ಟರು. ಅಕ್ಕನ ಮುಖ ಕೆಂಪಾಗಿತ್ತು. ‘ಏನಮ್ಮ, ಊಟಕ್ಕೆ ಕರ್ದು ಮರ್ಯಾದೆ ತೆಗೀತೀರಾ?’ ಎಂದಿದ್ದು ನನಗೆ, ತಮ್ಮನಿಗಲ್ಲ. ಯಜಮಾನರು ಸೌಂಡಿನವರ ಬ್ಯಾಗನ್ನು ಎತ್ತಿ ಕೈಗೆ ಕೊಟ್ಟು, ‘ಸಾಕು, ನೀವು ಹೊರಡಿ’ ಎಂದರು.

ಅವರು ಬ್ಯಾಗು ತಗೊಂಡರು. ಹೊಸಲಿನವರೆಗೆ ಹೋದವರು ತಿರುಗಿ ನಿಂತರು.

‘ಸಾ, ಒಂದೇ ಮಾತು. ಅವ್ವನ್ನ ಎಬ್ಬಿಸಿ, ಆ ಮಂಚದ ಮ್ಯಾಲೆ ನೀವು ಮನಿಕ್ಕಳಿ. ಅದೇ ಟೋನು ಒಂದು ನಿಮಿಷ ಬುಡ್ತೀನಿ. ಏನೂ ಆಗ್ನಿಲ್ಲ ಅಂದ್ರೆ ಎಲ್ಲಾರ ಮುಂದ್ಲೂ ನಿಮ್ ಕಾಲಿಗೆ ಬೀಳ್ತೀನಿ.’

ಭಾವ ಜೋರಾಗಿ ನಕ್ಕರು. ‘ಎದ್ದೇಳಿ ಅತ್ತೆ’ ಎಂದರು. ಅತ್ತೆ ಎದ್ದರು. ಭಾವ ಮಂಚದ ಅಂಚಿಗೆ ಕೈಯೂರಿ, ಒಂದು ಮೊಣಕಾಲು ಹಾಸಿಗೆಯ ಮೇಲಿಟ್ಟು, ಮಲಗುವ ಮೊದಲು ಒಂದು ಸಲ ಮೇಲೆ ನೋಡಿದರು.

ನಾವೆಲ್ಲ ಅವರು ನೋಡುವುದನ್ನೇ ನೋಡುತ್ತ ನಿಂತೆವು. ಅವರ ಕಣ್ಣು ಆ ಗೀಟಿನ ಎಡ ತುದಿಯಿಂದ ಹೊರಟು ನಿಧಾನವಾಗಿ ಬಲ ತುದಿಗೆ ಹೋಯಿತು. ಅಲ್ಲೇ ನಿಂತಿತು. ಊರಿದ್ದ ಮೊಣಕಾಲನ್ನು ಹಾಸಿಗೆಯಿಂದ ಹಿಂದಕ್ಕೆ ತೆಗೆದರು.

‘ಅತ್ತೆ, ನೀವು ಹಾಲ್‌ಗೆ ನಡೀರಿ’ ಎಂದರು, ಮೆಲ್ಲಗೆ. ‘ಯಾರಾದ್ರೂ ಮಂಚ ಈಚೆ ಎಳೀರಿ.’

ಅಷ್ಟೇ. ನಾನೂ ಯಜಮಾನರೂ ಮಂಚವನ್ನು ಗೋಡೆಯಿಂದ ಈಚೆಗೆ ಎಳೆದೆವು.

ಸೌಂಡಿನವರು ಊಟಕ್ಕೆ ನಿಲ್ಲಲಿಲ್ಲ. ನಾನು ಕಾಫಿ ಲೋಟ ಹಿಡಿದು ಗೇಟಿನವರೆಗೂ ಹೋದೆ. ನಿಂತೇ ಕುಡಿದರು. ‘ಇಷ್ಟು ಮಾತು ಕೇಳ್ಬೇಕಿತ್ತಾ ನೀವು? ಹೇಳಿ ಹೊರಟುಹೋಗಬಹುದಿತ್ತಲ್ಲ’ ಎಂದೆ.

ಸೋಮನಹಳ್ಳಿ ಕಡೆಯ ಒಂದು ಮನೆಯಲ್ಲಿ ಅವರು ಹಾಗೇ ಹೇಳಿ ಹೊರಟುಹೋಗಿದ್ದರಂತೆ. ಗೋಡೆಗೆ ಬಡಿದಿದ್ದ ಗಾಜಿನ ಬೀರು ಒಂದು ಸ್ವರಕ್ಕೆ ಗುರ್ ಎನ್ನುತ್ತಿತ್ತು. ಮೊಳೆ ಸಡಿಲ ಇರಬಹುದು, ನೋಡಿಸಿ ಎಂದರಂತೆ. ಮನೆಯವರು ನಕ್ಕು, ಆಗಲಿ ಎಂದರಂತೆ. ತಿಂಗಳಾಗುವುದರೊಳಗೆ ಅದು ಕಳಚಿ ಮನೆಯಾಕೆಯ ತೋಳಿನ ಮೇಲೆ ಬಿತ್ತು. ‘ಈಗ್ಲೂ ಆವಮ್ಮನಿಗೆ ಎರಡು ಬೆಳ್ಳು ಮಡಿಸಾಕಾಗಲ್ಲ. ಆವತ್ತು ನಂಗೆ ಮುದ್ದೆ ಇಕ್ಕಿದ್ದು ಅದೇ ಕೈ ಟೀಚರಮ್ಮ.’ ಅಂದಿನಿಂದ, ಕೆಲಸ ಮುಗಿಯದೆ ಯಾರ ಮನೆಯಲ್ಲೂ ಅವರು ಊಟ ಮಾಡುವುದಿಲ್ಲ.

‘ಅಲ್ಲ, ಭಾವ ನಿಜವಾಗಿ ಮಲಗಿಬಿಟ್ಟಿದ್ದರೆ?’

‘ಟೋನು ಬುಡ್ತಿದ್ನಾ? ಕೈ ಹಿಡ್ದು ಎಬ್ಬಿಸ್ತಿದ್ದೆ’ ಎಂದರು. ‘ಮನೆ ಕಟ್ಟಿದೋರಿಗೆ ನಮಗಿಂತ ಮೊದ್ಲೇ ಗೊತ್ತಾಯ್ತದೆ. ತಲೆ ಎತ್ತಿ ನೋಡ್ಬೇಕು ಅಷ್ಟೇಯ.’

ಮಾರನೇ ದಿನ ಭಾವ ತಾವೇ ಇಬ್ಬರು ಆಳುಗಳನ್ನು ಕರೆತಂದರು. ಪಾತ್ರೆಗಳನ್ನು ಹುಷಾರಾಗಿ ಇಳಿಸಿ ಸುತ್ತಿಗೆ ಹಾಕಿದರೆ, ಮೂರನೇ ಏಟಿಗೆ ಸಜ್ಜ ಇಡಿಯಾಗಿ ಕಳಚಿ ಬಂತು. ಗೋಡೆಯೊಳಕ್ಕೆ ಮೊಳದುದ್ದ ಹೋಗಬೇಕಿದ್ದ ಕಂಬಿ ಬೆರಳುದ್ದ ಹೋಗಿತ್ತು. ಭಾವ ಆ ತುಂಡನ್ನು ಕೈಯಲ್ಲಿ ಹಿಡಿದು, ‘ಆವತ್ತು ನಾನು ಸೈಟ್ ತಾವ ಇರ್ನಿಲ್ಲ’ ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಆಮೇಲೆ ದೀಪಾವಳಿಯವರೆಗೂ ಅವರು ನಮ್ಮ ಮನೆಗೆ ಬರಲಿಲ್ಲ. ಅತ್ತೆ ಇಂದಿಗೂ ಆ ಮಾತೆತ್ತುವುದಿಲ್ಲ. ಆದರೆ ಅಂದಿನಿಂದ ‘ಸೌಂಡಿನಯ್ಯ ಬತ್ತಾನೆ’ ಎಂದು ನಾವಂದರೆ ತಾವೇ ಹೋಗಿ ಫ್ರಿಜ್ಜು ಆರಿಸುತ್ತಿದ್ದರು.

ಅರ್ಧಕ್ಕೆ ನಿಂತಿದ್ದ ಕೆಲಸ ಮುಗಿಸಲು ಅವರು ಹದಿನೈದು ದಿನ ಬಿಟ್ಟು ಬಂದರು. ನನ್ನನ್ನು ಸೋಫಾದಲ್ಲಿ ಕೂರಿಸಿ, ಸಬ್‌ವೂಫರಿನ ಹಿಂದಿನ ಒಂದು ನಾಬನ್ನು ಅತ್ತಿತ್ತ ತಿರುಗಿಸುತ್ತ, ‘ಈಗ ತುಂಬ್ಕಂತಾ? ಈಗ?’ ಎಂದು ಕೇಳುತ್ತ ಹೋದರು. ಒಂದು ಕಡೆ ಬಂದಾಗ ಬೇಸು ಡಬ್ಬಿಯಿಂದ ಬರುವುದು ನಿಂತು ಇಡೀ ಗೋಡೆಯಿಂದ ಬಂದ ಹಾಗಾಯಿತು. ‘ಆಯ್ತು’ ಎಂದೆ. ನನ್ನ ಕೆಂಪು ನೇಲ್ ಪಾಲಿಷ್ ಕೇಳಿ ಇಸಿದುಕೊಂಡು ಅಲ್ಲಿ ಒಂದು ಚುಕ್ಕೆ ಇಟ್ಟರು. ಆವತ್ತು ನಮ್ಮ ಮನೆಯಲ್ಲಿ ಎರಡು ಮುದ್ದೆ ಉಂಡರು. ಅವತ್ತಿನಿಂದ ಗೋಡೆ ಗುದ್ದುವುದೂ ನಿಂತಿತು.

ಆಮೇಲೆ ವರ್ಷಕ್ಕೊಮ್ಮೆ ಬರುತ್ತಿದ್ದರು. ಮೂರನೇ ವರ್ಷ ಬರಲಿಲ್ಲ. ಬದಲಿಗೆ ಸುದ್ದಿ ಬಂತು. ಮಂಡ್ಯದಲ್ಲಿ ಒಬ್ಬರ ಮನೆಯಲ್ಲಿ, ಸೀಲಿಂಗ್ ಒಳಗೆ ಏನೋ ಊಂ ಅಂತದೆ ಎಂದು ಹಟ ಹಿಡಿದು ಬಿಚ್ಚಿಸಿದರಂತೆ. ಏನೂ ಇರಲಿಲ್ಲ. ಇನ್ನೊಂದು ಕಡೆ ಬಿಚ್ಚಿಸಿದರಂತೆ. ಅಲ್ಲೂ ಇಲ್ಲ. ಮನೆಯವರು ಬೀದಿಗೆ ಕೇಳುವಂತೆ ಬೈದು ಕಳಿಸಿದರಂತೆ.

ಕೆಲವು ವಾರದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಫೋನೂ ಮಾಡದೆ ಬಂದರು. ಕೈಯಲ್ಲಿ ಬ್ಯಾಗು ಇರಲಿಲ್ಲ. ಅಂಗಿಯ ತೋಳಿನ ಗುಂಡಿ ಬಿಚ್ಚಿತ್ತು.

‘ಎಲ್ಲಾನೂ ಆರಿಸಿ ಟೀಚರಮ್ಮ.’

ಆರಿಸಿದೆ. ಅತ್ತೆ ಫ್ರಿಜ್ಜಿನ ಸ್ವಿಚ್ಚು ತೆಗೆದು ಬಂದು ಬಾಗಿಲಲ್ಲಿ ನಿಂತರು. ‘ಟೋನ್ ಹಾಕ್ಲಾ?’ ಎಂದು ಯಜಮಾನರು ಕೇಳಿದರು. ‘ಬ್ಯಾಡಿ ಸಾ’ ಎಂದು ಸೋಫಾದ ತುದಿಯಲ್ಲಿ ಕೂತರು.

‘ಆರು ತಿಂಗಳಾಯ್ತು. ಎಲ್ಲೋದ್ರೂ ಒಂದೇ ಸದ್ದು. ಟ್ರಾನ್ಸ್‌ಫಾರ್ಮರ್ ಊಂ ಅಂತದಲ್ಲ, ಹಂಗೆ. ಮೊನ್ನೆ ಊರಿಗೆಲ್ಲ ಕರೆಂಟ್ ಓಗಿತ್ತು. ಅವಾಗ್ಲೂ ಇತ್ತು. ಮಂಡ್ಯದಲ್ಲಿ ಕಿವಿ ಡಾಕ್ಟ್ರಿಗೆ ತೋರಿಸ್ದೆ, ನಿಮ್ಮ ಕಿವೀದೇ ಅಂದ್ರು. ಅವರು ನನ್ನ ಕಿವಿ ನೋಡುದ್ರು. ನನ್ನ ಜೊತೆ ಕೂತು ಕೇಳ್ಲಿಲ್ಲವಲ್ಲ. ಅದುಕ್ಕೆ ಬಂದೆ. ಈಗ ಇಲ್ಲಿ ಕೇಳ್ತದೆ ನಂಗೆ. ನಿಮಗೆ ಕೇಳ್ತದಾ?’

ಕಣ್ಣು ಮುಚ್ಚಿದೆ. ಹೈವೇ ಕಡೆಯಿಂದ ಒಂದು ಹಾರನ್ನು. ಪಕ್ಕದ ಮನೆಯಲ್ಲಿ ಬಟ್ಟೆ ಒಗೆಯುವುದು. ಅತ್ತೆಯ ಉಸಿರು. ಅದರಾಚೆಗೆ ಹುಡುಕಿದೆ, ಇನ್ನೂ ಆಚೆಗೆ. ಒಂದು ಎಳೆಯಾದರೂ ಸಿಗಲಿ ಎಂದು ದೇವರನ್ನು ಬೇಡಿಕೊಂಡೇ ಹುಡುಕಿದೆ.

‘ಹೂಂ, ಏನೋ ಒಂಚೂರು ಕೇಳ್ದಂಗಾಯ್ತು ಕಣಿ’ ಎಂದರು ಯಜಮಾನರು. ಅವತ್ತು ಬ್ಯಾಗು ಎತ್ತಿ ಕೈಗೆ ಕೊಟ್ಟವರು. ಅವರ ಕಣ್ಣಲ್ಲಿ ನೀರಿತ್ತು.

ಅವರು ಯಜಮಾನರನ್ನು ನೋಡಿ ಸಣ್ಣಗೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಕಾಯ್ದರು. ಹೂಂ ಎಂದುಬಿಡು, ಹೂಂ ಎಂದುಬಿಡು ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಹೂಂ ಎಂದರೆ ಅವರು ನಾಳೆ ಇನ್ನೊಬ್ಬರ ಸೀಲಿಂಗು ಬಿಚ್ಚಿಸುತ್ತಾರೆ, ಇನ್ನೊಂದು ಬೀದಿಯಲ್ಲಿ ಬೈಸಿಕೊಳ್ಳುತ್ತಾರೆ.

‘ಇಲ್ಲ’ ಎಂದೆ. ‘ನನಗೇನೂ ಕೇಳಿಸ್ತಿಲ್ಲ.’

ಅವರು ತಲೆಯಾಡಿಸಿದರು. ಬಿಚ್ಚಿದ್ದ ತೋಳಿನ ಗುಂಡಿಯನ್ನು ಹಾಕಿಕೊಂಡರು.

‘ಸರಿ. ಈಗ ಎಲ್ಲಿ ಅದೆ ಅಂತ ಗೊತ್ತಾಯ್ತು ಬುಡಿ.’

ಊಟ ಮಾಡಿಕೊಂಡು ಹೋಗಿ ಎಂದರು ಅತ್ತೆ. ಮಾಡಿದರು. ಬಸ್ ಸ್ಟ್ಯಾಂಡಿಗೆ ನಾನೇ ಸ್ಕೂಟರಿನಲ್ಲಿ ಬಿಟ್ಟೆ. ಮಳವಳ್ಳಿ ಬಸ್ಸು ಸ್ಟಾರ್ಟಿನಲ್ಲೇ ನಿಂತಿತ್ತು, ಹಳೇ ಬಸ್ಸು, ಖಾಲಿ. ಕಿಟಕಿ ಪಕ್ಕದ ಸೀಟುಗಳೆಲ್ಲ ಬಿಟ್ಟು ಅವರು ಮುಂದೆ ಹೋಗಿ, ಡ್ರೈವರ್ ಪಕ್ಕ, ಗಡಗಡ ಅದುರುತ್ತಿದ್ದ ಇಂಜಿನ್ನಿಗೆ ಒತ್ತಿಕೊಂಡು ಕೂತರು. ನಾನು ಕೆಳಗಿನಿಂದ ಕೂಗಿದೆ: ‘ಹಿಂದೆ ಜಾಗ ಇದೆಯಲ್ಲ, ಅಲ್ಲಿ ಕೂತ್ಕೊಳ್ಳಿ. ಅಲ್ಲಿ ಬರೀ ಸದ್ದು!’

ಅವರು ಕಿಟಕಿಗೆ ಬಾಗಿದರು. ಆ ಗಲಾಟೆಯಲ್ಲಿ ಅವರ ಮುಖ ಸಡಿಲವಾಗಿತ್ತು, ಬಹಳ ದಿನ ನಿದ್ದೆಗೆಟ್ಟವರು ತಲೆದಿಂಬು ಕಂಡ ಹಾಗೆ.

‘ಇಲ್ಲಿ ಕುಂತ್ರೆ ಅದು ಕೇಳ್ಸಲ್ಲ ಟೀಚರಮ್ಮ’ ಎಂದರು.